ಪತ್ನಿಗೆ ಒಬ್ಬರೇ ಮನೆಯಿಂದ ಹೊರಗೆ ಹೋಗಲು ಭಯ: ಇದು ಅಗೊರಾಫೋಬಿಯಾ ಇರಬಹುದೇ, ಚಿಕಿತ್ಸೆ ಇದೆಯೇ?

ಬಸ್ಸಿನಲ್ಲಿ ಒಮ್ಮೆ ಎದೆ ಡವಗುಟ್ಟಿ ತಲೆ ಸುತ್ತಿದಂದಿನಿಂದ ನಿಮ್ಮ ಪತ್ನಿಯವರು ಬಸ್ಸು, ಸಂತೆ, ಮದುವೆಮನೆ ಎಲ್ಲವನ್ನೂ ಬಿಟ್ಟಿದ್ದಾರೆ, ಇಸಿಜಿ ಮತ್ತು ಎಕೋ ಸರಿಯಾಗಿವೆ, ಈಗ ಬೀದಿಯ ಕೊನೆಯ ಅಂಗಡಿಗೂ ನೀವು ಜೊತೆಗಿರಬೇಕು ಎಂದು ಬರೆದಿದ್ದೀರಿ. ರೋಗನಿರ್ಣಯ ಮನೋವೈದ್ಯರ ಕೆಲಸ. ಆದರೂ ಇದೇ ತೊಂದರೆಗೆ ಚಿಕಿತ್ಸೆ ಪಡೆದವಳಾಗಿ, ನೀವು ಹೇಳಿದ ಲಕ್ಷಣಗಳು ಅಗೊರಾಫೋಬಿಯಾವನ್ನೇ ಬಹಳವಾಗಿ ಹೋಲುತ್ತವೆ ಎನ್ನಬಲ್ಲೆ.

1871ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ವಿವರಿಸಿದ ರೋಗಿಗಳು ನಗರದ ವಿಶಾಲ ಚೌಕಗಳನ್ನು ಒಬ್ಬರೇ ದಾಟಲಾರದವರಾಗಿದ್ದರು. ಇಂದು ವೈದ್ಯರು ಬಸ್ಸು ರೈಲುಗಳು, ಬಯಲು, ಮುಚ್ಚಿದ ಜಾಗ, ಸರತಿ ಅಥವಾ ಜನಜಂಗುಳಿ, ಮನೆಯ ಹೊರಗೆ ಒಂಟಿಯಾಗಿರುವುದು ಎಂಬ ಐದರಲ್ಲಿ ಎರಡಾದರೂ ಸಂದರ್ಭಗಳ ಭಯ ಆರು ತಿಂಗಳಿಗಿಂತ ಹೆಚ್ಚು ಉಳಿದಿದೆಯೇ ಎಂದು ನೋಡುತ್ತಾರೆ. ಅಲ್ಲಿ ಮೈಗೆ ಏನಾದರೂ ಆದರೆ ತಪ್ಪಿಸಿಕೊಳ್ಳಲಾಗದು, ನೆರವು ಸಿಗದು ಎಂಬ ಆತಂಕವೇ ಇದರ ತಿರುಳು. ಬಂಧುಗಳು ಸೋಮಾರಿತನ ಎನ್ನುವುದು ಅನ್ಯಾಯ. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಒಮ್ಮೆ ಮಾಡಿಸಿ.

ಈ ಕಾಯಿಲೆ ಬೆಳೆಯುವುದು ತಪ್ಪಿಸಿಕೊಳ್ಳುವುದರಿಂದ. ಬಸ್ಸಿನಿಂದ ಇಳಿದ ಕೂಡಲೇ ಸಿಗುವ ನಿರಾಳವನ್ನು ಮನಸ್ಸು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಳಿಯದೆ ಕುಳಿತಿದ್ದರೂ ಭಯ ಏರಿ ತಾನಾಗಿಯೇ ಇಳಿಯುತ್ತಿತ್ತು ಎಂಬುದನ್ನು ಕಲಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಪ್ರೀತಿಯಿಂದ ಜೊತೆಗೆ ಬರುವವರು ಕೂಡ, ತಮಗರಿವಿಲ್ಲದೆ, ಇದನ್ನೇ ಪೋಷಿಸುತ್ತಾರೆ. ನನ್ನ ಅತ್ತೆಯವರು ಎಲ್ಲೆಡೆ ನನ್ನೊಡನೆ ಬರುತ್ತಿದ್ದರು. ಅವರನ್ನು ಒಮ್ಮೆಲೇ ನಿಲ್ಲಿಸದೆ, ಮೊದಲು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ, ಬಳಿಕ ಹಿಂದಿನ ಸೀಟಿನಲ್ಲಿ, ಆಮೇಲೆ ನಾನು ಇಳಿಯುವ ನಿಲ್ದಾಣದಲ್ಲಿ ಇರುವಂತೆ ನನ್ನ ಚಿಕಿತ್ಸಕರು ಯೋಜಿಸಿದರು; ನನಗೆ ಅತ್ಯಂತ ಉಪಯೋಗವಾದದ್ದು ಇದೇ.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆ) ಎಂದು ಕರೆಯುವ ಈ ಚಿಕಿತ್ಸೆಯಲ್ಲಿ, ಕಡಿಮೆ ಹೆದರಿಸುವ ಜಾಗದಿಂದ ಆರಂಭಿಸಿ, ಭಯ ತಗ್ಗುವವರೆಗೆ ಅಲ್ಲಿಯೇ ಉಳಿಯುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ನೀರಿನ ಬಾಟಲಿ, ಕೈಯಲ್ಲಿ ಹಿಡಿದ ಫೋನು ಮುಂತಾದ ಆಸರೆಗಳನ್ನೂ ಕ್ರಮೇಣ ಬಿಡಿಸುತ್ತಾರೆ. ಬೇಕೆಂದೇ ವೇಗವಾಗಿ ಉಸಿರಾಡಿಸಿ, ತಲೆ ಸುತ್ತು ಬರಿಸಿ, ಆ ಅನುಭವ ಅಪಾಯಕಾರಿಯಲ್ಲ ಎಂದು ತೋರಿಸಿಕೊಡುವುದೂ ಉಂಟು.

ವೈದ್ಯರು ಸರ್ಟ್ರಲೀನ್, ಎಸ್ಸಿಟಾಲೊಪ್ರಾಮ್‌ನಂತಹ ಮಾತ್ರೆಗಳನ್ನು ಬರೆಯಬಹುದು. ಇವು ಕೆಲಸ ಮಾಡಲು ಕೆಲವು ವಾರಗಳು ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಾಗಲೂಬಹುದು. ಅದಕ್ಕೆ ಹೆದರಿ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್ ಕೂಡಲೇ ಶಮನ ಕೊಡುತ್ತವೆ, ಆದರೆ ಅಭ್ಯಾಸವಾಗಿಬಿಡುವ ಅಪಾಯವಿರುವುದರಿಂದ ಅವುಗಳನ್ನು ದೀರ್ಘಕಾಲ ನೆಚ್ಚಿಕೊಳ್ಳಬಾರದು.

ಆಸ್ಪತ್ರೆಗೆ ಹೋಗುವುದೇ ಅವರಿಗೆ ಕಷ್ಟವಾದ್ದರಿಂದ, ಮನೆಯಿಂದಲೇ 14416ಕ್ಕೆ ಕರೆ ಮಾಡಿಸಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಆಮೇಲೆ ಹೋಗಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರನ್ನು ಆರಿಸುವಾಗ, ಕೊಠಡಿಯೊಳಗಿನ ಮಾತುಕತೆಯಷ್ಟೇ ಅಲ್ಲದೆ, ಬಸ್ಸು, ಸಂತೆಗಳಲ್ಲಿ ಮಾಡುವ ಅಭ್ಯಾಸವನ್ನೂ ಅವರು ಯೋಜಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.