ದಿನವೂ ಕಾಣುವ ರೈಲು ಪ್ರಯಾಣಿಕರೊಂದಿಗೆ ಮಾತು ಆರಂಭಿಸುವುದು ಹೇಗೆ?

ತುಮಕೂರಿನಿಂದ ಬೆಂಗಳೂರಿಗೆ ಓಡಾಡುವ ನೀವು, ಎಲ್ಲರೂ ಮೊಬೈಲಿನಲ್ಲಿ ಮುಳುಗಿರುವುದರಿಂದ ಮಾತಿಗೆ ವಿಷಯವೇ ಸಿಗುವುದಿಲ್ಲವೆಂದೂ, ಎದುರು ಕೂರುತ್ತಿದ್ದ ಹಿರಿಯರೊಬ್ಬರು ವಾರದಿಂದ ಕಾಣುತ್ತಿಲ್ಲವೆಂದೂ ಬರೆದಿದ್ದೀರಿ. ಆ ಎರಡನೆಯ ಮಾತನ್ನು ಓದಿ ಸುಮ್ಮನಿರಲಾಗಲಿಲ್ಲ.

ನಾನು 2013ರಿಂದ ಏಳು ವರ್ಷ ಮಂಡ್ಯದಿಂದ ಬೆಂಗಳೂರಿಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಪಾಸ್ ಮಾಡಿಸಿಕೊಂಡು ಓಡಾಡಿದವನು. ಪಾಂಡವಪುರದಲ್ಲಿ ಹತ್ತುತ್ತಿದ್ದ, ಐವತ್ತು ದಾಟಿದ ಒಬ್ಬರು ಪಕ್ಕದ ಸೀಟಿನ ಮೇಲೆ ನೀಲಿ ಗೆರೆಯ ಕರ್ಚೀಫು ಹಾಸಿ ನನಗೆ ಜಾಗ ಹಿಡಿದಿಡುತ್ತಿದ್ದರು. ನಾನು ಬಂದೊಡನೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ‘ಬನ್ನಿ ಸಾರ್’ ಎನ್ನುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. 2017ರಲ್ಲಿ ಜೋಡಿ ಮಾರ್ಗಕ್ಕಾಗಿ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಸರಿಸಿದ್ದನ್ನು ನೋಡಿಬಂದಿದ್ದ ಅವರು, ಮದ್ದೂರು ದಾಟುವವರೆಗೂ ಅದನ್ನು ಉತ್ಸಾಹದಿಂದ ವಿವರಿಸಿದ್ದರು. ಅದೊಂದೇ ನಮ್ಮ ನಡುವೆ ನಡೆದ ಮಾತುಕತೆ.

2020ರ ಫೆಬ್ರುವರಿಯಲ್ಲಿ ಅವರು ಎರಡು ವಾರ ಬರಲಿಲ್ಲ. ಮರಳಿ ಬಂದಾಗ ತಲೆ ಬೋಳಾಗಿತ್ತು, ಮೀಸೆಯೂ ಇರಲಿಲ್ಲ. ನನ್ನ ತಪ್ಪು ನಡೆದದ್ದು ಆಗ. ತಿರುಪತಿಗೆ ಮುಡಿ ಕೊಟ್ಟು ಬಂದಿರಬಹುದು, ಸಾವಿನ ಮಾತೆತ್ತಿದರೆ ಅಪಶಕುನವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದು ಸುಳ್ಳೆಂದು ಆ ಕ್ಷಣವೇ ನನಗೆ ಗೊತ್ತಿತ್ತು. ತಿರುಪತಿಯಿಂದ ಬಂದವರು ನಮ್ಮ ಬೋಗಿಯಲ್ಲಿ ಅಕ್ಕಪಕ್ಕದವರಿಗೆಲ್ಲ ಲಡ್ಡು ಹಂಚುತ್ತಿದ್ದರು, ಇವರ ಕೈಯಲ್ಲಿ ಏನೂ ಇರಲಿಲ್ಲ. ನಾಳೆ ಕೇಳೋಣವೆಂದುಕೊಂಡೆ. ಮರುದಿನ, ನಿನ್ನೆ ಕೇಳದವನು ಇಂದು ಕೇಳಿದರೆ ಏನೆಂದುಕೊಂಡಾರು ಎನ್ನಿಸಿತು. ವಾರ ಕಳೆದ ಮೇಲಂತೂ ಕೂದಲು ಚಿಗುರತೊಡಗಿತ್ತು, ಕೇಳುವ ಹೊತ್ತೇ ಮೀರಿತ್ತು. ಅಷ್ಟು ದಿನವೂ ಅವರು ಕರ್ಚೀಫು ಹಾಸುವುದನ್ನು ಮಾತ್ರ ಬಿಡಲಿಲ್ಲ.

ಮಾರ್ಚ್ 22ರಿಂದ ರೈಲುಗಳು ನಿಂತವು. ಮತ್ತೆ ಓಡಿದಾಗಲೂ ಬಹುಕಾಲ ಸೀಟು ಕಾಯ್ದಿರಿಸಿದವರಿಗಷ್ಟೇ ಪ್ರವೇಶವಿತ್ತು, ಪಾಸು ನಡೆಯುತ್ತಿರಲಿಲ್ಲ. ಒಮ್ಮೆ ಅವರನ್ನು ಹುಡುಕಲೆಂದೇ ಪಾಂಡವಪುರದಲ್ಲಿ ಇಳಿದು ಚಹಾದಂಗಡಿಯ ಮುಂದೆ ನಿಂತೆ. ಹೆಸರು ಗೊತ್ತಿಲ್ಲ, ಕೆಲಸ ಗೊತ್ತಿಲ್ಲ. ನೀಲಿ ಗೆರೆಯ ಕರ್ಚೀಫಿನವರು ಎಂದರೆ ಯಾರಿಗೆ ತಿಳಿದೀತು? ಚಹಾ ಕುಡಿದು ಹಿಂದಿರುಗಿದೆ.

ಆದ್ದರಿಂದ ನೀವು ಮೊಬೈಲನ್ನು ದೂರುವುದನ್ನು ನಾನು ಒಪ್ಪುವುದಿಲ್ಲ. ನಾನು ಮೊದಲ ವರ್ಷಗಳಲ್ಲಿ ಅಡಗುತ್ತಿದ್ದದ್ದು ದಿನಪತ್ರಿಕೆಯ ಹಿಂದೆ. ಮಾತಿಗೆ ವಿಷಯ ಬೇಕೆಂಬುದೂ ತಪ್ಪು. ಜಾಗ ಹಿಡಿದಿಟ್ಟವರೊಂದಿಗೆ ಹವಾಮಾನ, ರಾಜಕೀಯ ಚರ್ಚಿಸಬೇಕಾಗಿಲ್ಲ. ದಿನವೂ ಹರಟಬೇಕೆಂದೂ ಇಲ್ಲ, ಬೆಳಗಿನ ಪ್ರಯಾಣದಲ್ಲಿ ಸುಮ್ಮನೆ ಕೂರುವುದು ಹಲವರಿಗೆ ಬೇಕಾದ ವಿಶ್ರಾಂತಿ. ಆದರೆ ಹೆಸರು ಕೇಳಿಕೊಳ್ಳಿ. ಬಾರದವರು ಮರಳಿ ಬಂದ ದಿನ, ಮರುದಿನಕ್ಕೆ ಮುಂದೂಡದೆ, ‘ಎಲ್ಲಿ, ಕಾಣಲೇ ಇಲ್ಲವಲ್ಲ’ ಎಂದು ಕೇಳಿ. ನೀವು ಬರೆದ ಆ ಹಿರಿಯರ ಊರಿನಿಂದ ಹತ್ತುವ ಇನ್ನೊಬ್ಬರು ನಿಮ್ಮ ಬೋಗಿಯಲ್ಲಿದ್ದರೆ ಅವರನ್ನು ನಾಳೆಯೇ ವಿಚಾರಿಸಿ. ಅದೂ ಚಿಕ್ಕಬಾಣಾವರ ಬರುವ ಮೊದಲೇ. ಯಶವಂತಪುರ ಹತ್ತಿರವಾದಂತೆ ಎಲ್ಲರೂ ಚೀಲ ಹೆಗಲಿಗೇರಿಸಿ ಬಾಗಿಲಿನತ್ತ ತಿರುಗಿಬಿಟ್ಟಿರುತ್ತಾರೆ.