ಮಲ್ಪೆಯ ಟ್ರಾಲ್ ಬೋಟನ್ನು ಕೇದರ್ (ಟ್ಯೂನಾ ಮೀನು) ಹಿಡಿಯುವ ಬೋಟಾಗಿ ಮಾರ್ಪಡಿಸಿದರೆ ಟ್ಯೂನಾ ಆಯೋಗದ ನಿಯಮ ನಮಗೆ ಅನ್ವಯಿಸುತ್ತದೆಯೇ?

ಆಯೋಗದ ನಿಯಮಕ್ಕೆ ಭಾರತ ಆಕ್ಷೇಪ ಸಲ್ಲಿಸಿದೆ, ಆ ನಿಯಮವಿರುವುದು ವಿದೇಶಿ ದೊಡ್ಡ ಹಡಗುಗಳಿಗೆ, ಹೇಗೂ ಯೆಲ್ಲೋಫಿನ್ ಎಂಬ ಟ್ಯೂನಾ ಜಾತಿ ಚೇತರಿಸಿಕೊಂಡಿದೆ, ಆದ್ದರಿಂದ ಸಾಲ ತೆಗೆದು ಅಪ್ಪನ ಬೋಟನ್ನು ಲಾಂಗ್‌ಲೈನಿಗೆ (ಸಾಲಾಗಿ ಗಾಳ ಕಟ್ಟಿದ ಉದ್ದನೆಯ ಹಗ್ಗಕ್ಕೆ) ಮಾರ್ಪಡಿಸಬಹುದಲ್ಲವೇ ಎಂದು ನೀವು ಕೇಳಿದ್ದೀರಿ. ಇದರಲ್ಲಿ ಎರಡನೆಯ ಮಾತನ್ನು 2016ರ ಮಳೆಗಾಲದ ರಜೆಯಲ್ಲಿ, ಬೋಟು ದಡಕ್ಕೆ ಹತ್ತಿಸಿದ್ದಾಗ, ನಾನೇ ನನ್ನ ಭಾವನ ಎದುರು ಬಹಳ ಆತ್ಮವಿಶ್ವಾಸದಿಂದ ಆಡಿದ್ದೆ. ಆ ಬೋಟಿನಲ್ಲಿ ಈಗ ನನಗೆ ಪಾಲಿಲ್ಲ.

ಆಗ ನಾವು ಮೂವರು ಪಾಲುದಾರರಿದ್ದೆವು. ಭಾವ ತಾಂಡೇಲ, ಎಂದರೆ ಬೋಟು ನಡೆಸುವವರು, ಇನ್ನೊಬ್ಬರು ಹಣ ಹಾಕಿದವರು, ಓದು ಬರಹದ ಕೆಲಸವೆಲ್ಲ ನನ್ನದು. ಆ ವರ್ಷದ ಮೇ ತಿಂಗಳಲ್ಲಿ ರಿಯೂನಿಯನ್ ದ್ವೀಪದಲ್ಲಿ ಸೇರಿದ್ದ ಹಿಂದೂ ಮಹಾಸಾಗರ ಟ್ಯೂನಾ ಆಯೋಗವು ಯೆಲ್ಲೋಫಿನ್ ಸಂತತಿಯನ್ನು ಮತ್ತೆ ಬೆಳೆಸಲು 16/01 ಎಂಬ ನಿರ್ಣಯವನ್ನು ಅಂಗೀಕರಿಸಿತ್ತು. 2014ರ ಮೀನು ಹಿಡುವಳಿಯನ್ನು ಆಧಾರವಾಗಿಟ್ಟುಕೊಂಡು, ಆ ವರ್ಷ ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಯಲ್ಲಿ 5,000 ಟನ್ನಿಗಿಂತ ಹೆಚ್ಚು ಹಿಡಿದ ದೇಶಗಳು ಶೇ. 15ರಷ್ಟು, ಲಾಂಗ್‌ಲೈನಿನಲ್ಲಿ 5,000 ಟನ್ ದಾಟಿದವರು ಶೇ. 10ರಷ್ಟು, ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್‌ನೆಟ್ಟಿನಲ್ಲಿ 2,000 ಟನ್ ದಾಟಿದವರು ಶೇ. 10ರಷ್ಟು, ಉಳಿದ ವಿಧಾನಗಳಲ್ಲಿ 5,000 ಟನ್ ದಾಟಿದವರು ಶೇ. 5ರಷ್ಟು ಇಳಿಸಬೇಕು ಎಂಬುದು ಅದರ ತಿರುಳು. ಅದು ಅನ್ವಯಿಸುತ್ತಿದ್ದದ್ದು 24 ಮೀಟರ್ ಅಥವಾ ಅದಕ್ಕಿಂತ ಉದ್ದದ ಬೋಟುಗಳಿಗೆ, ಮತ್ತು ಅದಕ್ಕಿಂತ ಗಿಡ್ಡವಾಗಿದ್ದರೂ ತಮ್ಮ ದೇಶದ ಆರ್ಥಿಕ ವಲಯದ (ದಡದಿಂದ 200 ನಾಟಿಕಲ್ ಮೈಲಿನವರೆಗಿನ ಸಮುದ್ರದ) ಆಚೆಗೆ ಹೋಗುವ ಬೋಟುಗಳಿಗೆ. ನಮ್ಮದು 19 ಮೀಟರಿನ ಬೋಟು, 200 ನಾಟಿಕಲ್ ಮೈಲಿನಾಚೆ ಹೋಗುವ ಯೋಚನೆಯೇ ನಮಗಿರಲಿಲ್ಲ. ಈ ವಾಕ್ಯವನ್ನು ಓದಿದ ಕ್ಷಣವೇ ನಾನು ಕಾಗದ ಮಡಚಿಟ್ಟು, ಇದು ನಮಗಲ್ಲ ಎಂದೆ. ಓದಿದ್ದು ತಪ್ಪಾಗಿರಲಿಲ್ಲ. ಓದನ್ನು ಅಲ್ಲಿಗೇ ನಿಲ್ಲಿಸಿದ್ದು ತಪ್ಪು.

ನನ್ನ ನಿಜವಾದ ತಪ್ಪು ಇದಕ್ಕಿಂತಲೂ ಸಣ್ಣದು, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕೇಳಿದವರಿಗೆಲ್ಲ ಇಷ್ಟೇನಾ ಎನಿಸುತ್ತದೆ. ಬೋಟು ದಕ್ಕೆಗೆ ಬಂದು ಏಲಂ ಮುಗಿದ ಮೇಲೆ ನಾನು ಒಂದು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ: ತಾರೀಕು, ಡೀಸೆಲ್, ಐಸ್, ಅಂಜಲ್ ಇಷ್ಟು ಕಿಲೋ, ಕೇದರ್ ಇಷ್ಟು ಕಿಲೋ. ಅಷ್ಟೇ. ನಮ್ಮ ಕರಾವಳಿಯಲ್ಲಿ ಕೇದರ್ ಎಂಬ ಒಂದು ಹೆಸರಿನೊಳಗೆ ಎಷ್ಟು ಜಾತಿಗಳು ಅಡಗಿವೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬುಟ್ಟಿಯನ್ನು ನೆಲಕ್ಕೆ ಸುರಿದಾಗ ಕಣ್ಣಿಗೇ ಕಾಣುತ್ತದೆ. ಹೊಟ್ಟೆಯ ಮೇಲೆ ತಲೆಯಿಂದ ಬಾಲದ ಕಡೆಗೆ ನಾಲ್ಕರಿಂದ ಆರು ಕಪ್ಪು ಗೆರೆ ಎಳೆದಂತಿರುವುದು ಸ್ಕಿಪ್‌ಜಾಕ್. ಬೆನ್ನಿನ ಹಿಂಭಾಗದಲ್ಲಿ ಅಲೆಅಲೆಯಾದ ಗೆರೆ, ಎದೆಯ ರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆಗಳಿದ್ದರೆ ಅದು ಕವಕವ. ಮೈ ಸಪೂರವಾಗಿ ಬಾಲದ ಕಡೆಗೆ ನೀಳವಾಗಿದ್ದರೆ ಲಾಂಗ್‌ಟೇಲ್. ಮರಿ ಯೆಲ್ಲೋಫಿನ್ ಆದರೆ ಹೊಟ್ಟೆಯ ಮೇಲೆ ಮೇಲಿಂದ ಕೆಳಗೆ ಬೆಳ್ಳನೆಯ ಮುರಿದ ಗೆರೆ, ಒಂದು ಗೆರೆ, ಒಂದು ಸಾಲು ಚುಕ್ಕೆ, ಮತ್ತೆ ಗೆರೆ. ಐಸಿನಲ್ಲಿ ಮೂರು ದಿನ ಬಿದ್ದರೆ ಈ ಗೆರೆ ಮಾಸುತ್ತದೆ, ಒದ್ದೆ ಕೈಯಲ್ಲಿ ಒರೆಸಿ ಬೆಳಕಿಗೆ ಹಿಡಿದು ನೋಡಬೇಕು. ಬೆಳಗಿನ ಜಾವ ಐದು ಗಂಟೆಗೆ, ಏಲಂ ಕೂಗುವವನು ಅವಸರಿಸುತ್ತಿರುವಾಗ, ಯಾರು ಒರೆಸಿ ನೋಡುತ್ತಾರೆ? "ಎಲ್ಲಾ ಕೇದರೇ ಅಲ್ವಾ ಮಾರಾಯ್ರೇ, ಒಟ್ಟಿಗೆ ಬರೀರಿ" ಎಂದು ಭಾವ ಹೇಳುತ್ತಿದ್ದರು, ನಾನು ಒಟ್ಟಿಗೆ ಬರೆಯುತ್ತಿದ್ದೆ. ಏಲಂನಲ್ಲಿ ದರ ನಿಲ್ಲುತ್ತಿದ್ದದ್ದು ಗಾತ್ರದ ಮೇಲೆಯೇ ಹೊರತು ಜಾತಿಯ ಮೇಲಲ್ಲವಾದ್ದರಿಂದ, ಬೇರೆ ಬೇರೆ ಬರೆಯಲು ನನಗೆ ಯಾವ ಕಾರಣವೂ ಕಂಡಿರಲಿಲ್ಲ.

ಎರಡನೆಯ ಋತುವಿನಲ್ಲಿ ರಫ್ತುದಾರರೊಬ್ಬರು ದೊಡ್ಡ ಯೆಲ್ಲೋಫಿನ್‌ಗೆ ಒಳ್ಳೆಯ ದರ ಹೇಳಿದರು. ನಾವು ಸಾಲ ಮಾಡಿ ಬೋಟನ್ನು ಮಾರ್ಪಡಿಸಿದ್ದೇ ಆ ದರವನ್ನು ನಂಬಿ. ಯುರೋಪಿಗೆ ಹೋಗುವ ಸರಕಿಗೆ ಹಿಡುವಳಿ ಪ್ರಮಾಣಪತ್ರ ಬೇಕು. 2008ರ 1005ನೇ ಸಂಖ್ಯೆಯ ಯುರೋಪಿಯನ್ ಕಾನೂನು 2010ರ ಜನವರಿ 1ರಿಂದ ಇದನ್ನು ಕಡ್ಡಾಯ ಮಾಡಿದೆ. ಯಾವ ಬೋಟು, ಯಾವ ತಾರೀಕು, ಯಾವ ಪ್ರದೇಶ, ಯಾವ ಜಾತಿ, ಎಷ್ಟು ತೂಕ ಎಂಬುದು ಅದರಲ್ಲಿರಬೇಕು. ಅಮೆರಿಕ ಕೂಡ 2018ರಿಂದ ಟ್ಯೂನಾ ಆಮದಿಗೆ ಇಂಥದೇ ವಿವರಗಳನ್ನು ಕೇಳುತ್ತದೆ. ರಫ್ತುದಾರರು ನಮ್ಮ ಹಿಂದಿನ ಟ್ರಿಪ್ಪುಗಳ ದಾಖಲೆ ಕೇಳಿದರು. ನನ್ನ ರಿಜಿಸ್ಟರಿನಲ್ಲಿ ಇದ್ದದ್ದು ಕೇದರ್ ಮಾತ್ರ.

ಆ ರಾತ್ರಿ ನಾನು ಮನೆಯಲ್ಲಿ ಕುಳಿತು ನೆನಪಿನಿಂದ ಒಂದು ಹೊಸ ಪಟ್ಟಿ ಮಾಡಿದೆ. ಅರವತ್ತು ಪಾಲು ಯೆಲ್ಲೋಫಿನ್, ನಲವತ್ತು ಪಾಲು ಇತರೆ ಎಂದು ಅಂದಾಜಿಸಿ, ಐದು ಟ್ರಿಪ್ಪುಗಳ ಒಟ್ಟು ತೂಕವನ್ನು ಕ್ಯಾಲ್ಕುಲೇಟರಿನಲ್ಲಿ ಒಡೆದು ಬರೆದೆ. ಮೋಸ ಮಾಡುವ ಉದ್ದೇಶ ನನಗಿರಲಿಲ್ಲ, ನಿಜವಾಗಿಯೂ ಹೆಚ್ಚುಕಡಿಮೆ ಅಷ್ಟೇ ಇರಬಹುದೆಂದು ನಂಬಿದ್ದೆ. ಮರುದಿನ ಅವರ ಕಚೇರಿಯ ಹಿರಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿ, ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸಿ, ಒಂದೇ ಪ್ರಶ್ನೆ ಕೇಳಿದರು: "ಐದು ಸಲವೂ ಸಮುದ್ರ ನಿಮಗೆ ತಕ್ಕಡಿಯಲ್ಲಿ ತೂಗಿ ಕೊಟ್ಟಿತಾ?" ಐದು ಟ್ರಿಪ್ಪುಗಳಲ್ಲೂ ಅನುಪಾತ ದಶಾಂಶದವರೆಗೆ ಒಂದೇ ಇತ್ತು. ಅವರು ಆ ಸರಕನ್ನು ತೆಗೆದುಕೊಳ್ಳಲಿಲ್ಲ, ಮುಂದಿನದನ್ನೂ ತೆಗೆದುಕೊಳ್ಳಲಿಲ್ಲ. ಮೀನು ದಕ್ಕೆಯಲ್ಲೇ ಏಲಂ ಆಯಿತು, ನಿರೀಕ್ಷಿಸಿದ ದರದ ಅರ್ಧವೂ ಬರಲಿಲ್ಲ. ಸಾಲದ ಕಂತು ಮೂರು ಸಲ ತಪ್ಪಿದ ಮೇಲೆ ನನ್ನ ಪಾಲನ್ನು ಮಾರಿ ಹೊರಬಂದೆ. ಭಾವ ಇಂದಿಗೂ ಒಂದು ಮಾತು ಆಡಿಲ್ಲ, ಅದೇ ನನಗೆ ಕಷ್ಟ.

ಈಗ ನಿಮ್ಮ ಮೊದಲ ಮಾತಿಗೆ ಬರುತ್ತೇನೆ. ಭಾರತ ಆಕ್ಷೇಪ ಸಲ್ಲಿಸಿರುವುದು ನಿಜ. ಆಯೋಗದ ಒಪ್ಪಂದದ ಪ್ರಕಾರ ಯಾವುದೇ ಸದಸ್ಯ ದೇಶ, ನಿರ್ಣಯದ ಸೂಚನೆ ಬಂದ 120 ದಿನಗಳೊಳಗೆ ಆಕ್ಷೇಪಿಸಿದರೆ, ಆ ನಿರ್ಣಯ ಆ ದೇಶವನ್ನು ಕಟ್ಟಿಹಾಕುವುದಿಲ್ಲ. ಯೆಲ್ಲೋಫಿನ್ ಕುರಿತ 2021ರ 21/01 ನಿರ್ಣಯವನ್ನು ಭಾರತದಂತೆ ಇಂಡೋನೇಷ್ಯಾ, ಇರಾನ್, ಒಮಾನ್ ಮೊದಲಾದ ದೇಶಗಳೂ ಆಕ್ಷೇಪಿಸಿದವು. ಕರಾವಳಿ ದೇಶಗಳ ದೂರಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ತೇಲು ಸಾಧನಗಳನ್ನು ಸಮುದ್ರದಲ್ಲಿ ಬಿಟ್ಟು, ಅದರ ನೆರಳಿಗೆ ಬಂದ ಸ್ಕಿಪ್‌ಜಾಕ್ ಜತೆಗೆ ಯೆಲ್ಲೋಫಿನ್ ಮರಿಗಳನ್ನೂ ಬಾಚುವ ದೂರದೇಶದ ಪರ್ಸೀನ್ ಹಡಗುಗಳಿಗೂ, ನಮ್ಮ ಗಾಳಕ್ಕೂ ಒಂದೇ ಅಳತೆಗೋಲು ಇಡಬಾರದು. ಆದರೆ ಆಕ್ಷೇಪ ಸಲ್ಲಿಸಿದ ಮಾತ್ರಕ್ಕೆ ಹಿಂದಿನ ನಿರ್ಣಯ ಅಳಿದುಹೋಗುವುದಿಲ್ಲ, ಅಂಕಿಅಂಶ ಒಪ್ಪಿಸುವ ಹೊಣೆಯೂ ಹೋಗುವುದಿಲ್ಲ, ಯುರೋಪಿನ ಖರೀದಿದಾರ ಕೇಳುವ ಕಾಗದವಂತೂ ಆಯೋಗದ ಆಕ್ಷೇಪಕ್ಕೆ ಸಂಬಂಧಪಟ್ಟದ್ದೇ ಅಲ್ಲ. ನಿಯಮ ನಮಗೆ ಅನ್ವಯಿಸುತ್ತದೆಯೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮೀನು ಯಾವ ಜಾತಿಯ ಹೆಸರಿನಲ್ಲಿ ಲೆಕ್ಕಕ್ಕೆ ಬಿದ್ದಿದೆ ಎಂಬುದು ಮೊದಲ ಪ್ರಶ್ನೆ.

ಏಕೆಂದರೆ ನಾನು ಕ್ಯಾಲ್ಕುಲೇಟರ್ ಹಿಡಿದು ಒಬ್ಬನೇ ಮಾಡಿದ ಕೆಲಸವನ್ನು, ನನಗಿಂತ ಎಷ್ಟೋ ಪಾಲು ಎಚ್ಚರದಿಂದ, ಸೀಶೆಲ್ಸ್‌ನ ವಿಕ್ಟೋರಿಯಾದಲ್ಲಿರುವ ಆಯೋಗದ ಸಚಿವಾಲಯದವರೂ ಮಾಡಬೇಕಾಗುತ್ತದೆ. ದೇಶಗಳು ಹಲವು ಜಾತಿಗಳನ್ನು ಒಂದೇ ಗುಂಪಾಗಿ ಕೊಟ್ಟಾಗ ಅವರು ಅದನ್ನು ಅಂದಾಜಿನಿಂದ ಬಿಡಿಸುತ್ತಾರೆ. ಆಯೋಗದ 15/02 ನಿರ್ಣಯ ಜಾತಿವಾರು, ಬಲೆವಾರು ಹಿಡುವಳಿಯನ್ನಷ್ಟೇ ಅಲ್ಲ, ಪ್ರತಿ ಟನ್ನಿಗೆ ಕನಿಷ್ಠ ಒಂದು ಮೀನನ್ನಾದರೂ ಅಳೆದ ಲೆಕ್ಕವನ್ನೂ ಕೇಳುತ್ತದೆ. 2014 ಆಧಾರ ವರ್ಷವಾದ ಮೇಲೆ, ಆ ವರ್ಷ ಕೇದರ್ ಎಂಬ ಒಂದೇ ಸಾಲಿನಲ್ಲಿ ಮುಳುಗಿಹೋದ ಯೆಲ್ಲೋಫಿನ್ ಎಷ್ಟು ಎಂಬುದನ್ನು ಯಾರು ಹೇಳಬೇಕು? ಪಾಲು ಹಂಚಿಕೆಯ ಮಾನದಂಡದ ಮಾತುಕತೆ ಆಯೋಗದಲ್ಲಿ 2011ರಲ್ಲೇ ಆರಂಭವಾಗಿದೆ, ಹಳೆಯ ಹಿಡುವಳಿಗೆ ಎಷ್ಟು ತೂಕ ಕೊಡಬೇಕೆಂಬುದೇ ಅಲ್ಲಿನ ದೊಡ್ಡ ಜಗಳ. ಆ ಜಗಳದಲ್ಲಿ ನಮ್ಮ ದೇಶದ ಪ್ರತಿನಿಧಿಯ ಕೈಯಲ್ಲಿರುವ ಕಾಗದಕ್ಕೆ ಅಂಕಿ ಹೋಗುವುದು ನಮ್ಮ ನಿಮ್ಮಂಥವರ ದಕ್ಕೆಗಳಿಂದ.

ಚೇತರಿಸಿಕೊಂಡಿದೆ ಎಂಬ ಮಾತನ್ನೂ ಬಿಡಿಸಿ ನೋಡಿ. ಏಪ್ರಿಲ್ ತಿಂಗಳಲ್ಲಿ ಅಡಿಕೆ ತೋಟದ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ಎಂಬುದು ಒಂದು ವಿಷಯ, ಪಂಪು ಒರತೆಗಿಂತ ಹೆಚ್ಚು ಎತ್ತುತ್ತಿದೆಯೇ ಎಂಬುದು ಬೇರೆ ವಿಷಯ. ಟ್ಯೂನಾ ಲೆಕ್ಕದಲ್ಲೂ ಈ ಎರಡನ್ನು ಬೇರೆ ಬೇರೆಯಾಗಿ ನೋಡಿ, ಕೋಬೆ ನಕ್ಷೆ ಎಂಬ ನಾಲ್ಕು ಬಣ್ಣದ ಚೌಕದಲ್ಲಿ ಒಂದು ಚುಕ್ಕೆ ಇಡುತ್ತಾರೆ. 2015ರಲ್ಲಿ ಯೆಲ್ಲೋಫಿನ್ ಚುಕ್ಕೆ ಕೆಂಪು ಚೌಕದಲ್ಲಿತ್ತು, ಎಂದರೆ ನೀರೂ ಕೆಳಗೆ, ಪಂಪೂ ಜೋರು. 2024ರ ಅಂದಾಜಿನಲ್ಲಿ ಅದು ಹಸಿರಿಗೆ ಬಂದಿದೆ. ಸಂತೋಷವೇ. ಆದರೆ ಆ ಬದಲಾವಣೆಯಲ್ಲಿ ಸಮುದ್ರದಲ್ಲಿ ಹೆಚ್ಚಿದ ಮೀನಿನ ಜತೆಗೆ, ಪರಿಷ್ಕರಿಸಿದ ಅಂಕಿಅಂಶ ಮತ್ತು ಹೊಸ ಸೂಚ್ಯಂಕಗಳ ಪಾತ್ರವೂ ಇದೆ, ಹಸಿರು ಚೌಕದಲ್ಲಿದ್ದರೂ ವಿಜ್ಞಾನಿಗಳು ಹಿಡುವಳಿಗೆ ಮಿತಿ ಹೇಳುತ್ತಲೇ ಇದ್ದಾರೆ. ಇನ್ನೊಂದು ವಿಷಯವನ್ನು ನಿಮಗೆ ಯಾರೂ ಹೇಳಿರಲಾರರು: ಲಾಂಗ್‌ಲೈನಿನ ಗಾಳಕ್ಕೆ ಯೆಲ್ಲೋಫಿನ್ ಜತೆ ಬಿಗ್‌ಐ ಎಂಬ ಇನ್ನೊಂದು ಟ್ಯೂನಾ ಕೂಡ ಬೀಳುತ್ತದೆ, ಮತ್ತು 2022ರ ಅಂದಾಜಿನಲ್ಲಿ ಬಿಗ್‌ಐ ಕೆಂಪು ಚೌಕದಲ್ಲಿತ್ತು. ಅದಕ್ಕೆ 2024 ಮತ್ತು 2025ರ ಒಟ್ಟು ಮಿತಿ ವರ್ಷಕ್ಕೆ 80,583 ಟನ್ ಆಗಿತ್ತು.

ಲೆಕ್ಕ ಸರಿಯಿಲ್ಲದಿದ್ದರೆ ಮಿತಿ ಬರೀ ಕಾಗದವಾಗುತ್ತದೆ ಎಂಬುದಕ್ಕೆ ಅಟ್ಲಾಂಟಿಕ್‌ನ ಬ್ಲೂಫಿನ್ ಟ್ಯೂನಾ ಸಾಕ್ಷಿ. ಅಲ್ಲಿನ ಆಯೋಗ 2007ರಲ್ಲಿ ಹದಿನೈದು ವರ್ಷದ ಪುನಶ್ಚೇತನ ಯೋಜನೆ ಆರಂಭಿಸಿದಾಗ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ ಇಟ್ಟ ಮಿತಿ 29,500 ಟನ್. ಆ ವರ್ಷದ ನಿಜವಾದ ಹಿಡುವಳಿ ಸುಮಾರು 61,000 ಟನ್ ಇತ್ತೆಂದು ಅದರ ವಿಜ್ಞಾನಿಗಳೇ ಅಂದಾಜಿಸಿದರು. ಮರುವರ್ಷದಿಂದ ಪ್ರತಿ ಬ್ಲೂಫಿನ್ ಸರಕಿನ ಜತೆಗೂ ಹಿಡುವಳಿ ದಾಖಲೆ ಹೋಗಬೇಕಾಯಿತು. 2010ರ ಮಾರ್ಚಿನಲ್ಲಿ ದೋಹಾದಲ್ಲಿ ಸೇರಿದ್ದ, ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ ಸಭೆಯಲ್ಲಿ ಬ್ಲೂಫಿನ್‌ನ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಮೊನಾಕೊ ದೇಶದ ಪ್ರಸ್ತಾವ ಬಿದ್ದುಹೋಯಿತಾದರೂ ಭಯ ಉಳಿಯಿತು, 2011ಕ್ಕೆ ಮಿತಿ 12,900 ಟನ್ನಿಗೆ ಇಳಿಯಿತು. 2020ರ ಹೊತ್ತಿಗೆ ಅದೇ ಮಿತಿ 36,000 ಟನ್ನಿಗೆ ಏರಿತು. ನಮ್ಮ 16/01ರ ಕಥೆ ಅದಕ್ಕೆ ವಿರುದ್ಧ: ಕೆಲವರು ಇಳಿಸಿದರು, ವಿನಾಯಿತಿ ಇದ್ದವರು ಏರಿಸಿದರು, ಒಟ್ಟು ಹಿಡುವಳಿ ಇಳಿಯಲಿಲ್ಲ.

ನನ್ನ ಸಲಹೆ ಕೇಳಿದರೆ, ಈ ಋತುವಿನಲ್ಲಿ ಸಾಲ ಮಾಡಬೇಡಿ. ಲಾಂಗ್‌ಲೈನ್ ಒಳ್ಳೆಯದೋ ಗಿಲ್‌ನೆಟ್ ಒಳ್ಳೆಯದೋ ಎಂಬ ಚರ್ಚೆಯೂ ಈಗ ಬೇಡ. ಇರುವ ಬೋಟಿನಲ್ಲಿಯೇ, ಆಗಸ್ಟ್ 1ಕ್ಕೆ ಸಮುದ್ರ ತೆರೆದ ದಿನದಿಂದ, ಬಿದ್ದ ಪ್ರತಿ ಕೇದರನ್ನು ಜಾತಿ ಬಿಡಿಸಿ ಬೇರೆ ಬೇರೆ ಕ್ರೇಟಿನಲ್ಲಿ ಹಾಕಿ, ಬೇರೆ ತೂಗಿ, ಬೇರೆ ಬರೆಯಿರಿ. ಕೆಲವನ್ನು ಮೂತಿಯ ತುದಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ ಅಳೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಒಂದು ಋತುವಿನ ಈ ಪುಸ್ತಕ ಕೈಯಲ್ಲಿದ್ದರೆ ರಫ್ತುದಾರರ ಎದುರು ಕುಳಿತುಕೊಳ್ಳುವ ರೀತಿಯೇ ಬೇರೆಯಾಗುತ್ತದೆ, ಮತ್ತು ನಿಮ್ಮ ಬೋಟಿಗೆ ವರ್ಷಕ್ಕೆ ನಿಜವಾಗಿ ಎಷ್ಟು ದೊಡ್ಡ ಯೆಲ್ಲೋಫಿನ್ ಬೀಳುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ನನಗೆ ಅದು ತಿಳಿದಿದ್ದರೆ ಬೋಟು ಮಾರ್ಪಡಿಸುತ್ತಿರಲಿಲ್ಲವೇನೋ.

ಬೋಟಿನ ಉದ್ದದ ಬಗ್ಗೆಯೂ ಕೇಳಿದ್ದೀರಿ. ನಿಮ್ಮದು 21 ಮೀಟರ್ ಎಂದಿದ್ದೀರಿ, 200 ಮೈಲಿನೊಳಗೇ ಇದ್ದರೆ ಆ ಕಡಿತ ನೇರವಾಗಿ ನಿಮ್ಮ ಮೇಲೆ ಬೀಳುವುದಿಲ್ಲ. ಆದರೆ ಕೇದರ್ ಹಿಂದೆ ಹೊರಟ ತಾಂಡೇಲ ಗೆರೆಯ ಬಳಿ ಬೋಟು ತಿರುಗಿಸುತ್ತಾನೆಂದು ನಂಬಬೇಡಿ. ಜಿಪಿಎಸ್ ದಾಖಲೆಯನ್ನು ಪ್ರತಿ ಟ್ರಿಪ್ಪಿನ ನಂತರ ನೀವೇ ನೋಡಿ, ಅದನ್ನೂ ಅದೇ ಪುಸ್ತಕದಲ್ಲಿ, ಮೀನಿನ ತೂಕದ ಎದುರಿನ ಸಾಲಿನಲ್ಲಿ ಬರೆದಿಡಿ.