ಕಾಫಿ ತೋಟದ ಕಾರ್ಮಿಕರ ಬದುಕು ಬದಲಾದದ್ದನ್ನು ವರದಿಗಾರ ದಾಖಲಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಕಡೆ ಹಣ್ಣು ಕುಯ್ಯುವ ಹೊತ್ತಿನಲ್ಲಿ ಮೈಕ್ ಹಿಡಿಯಬೇಡಿ. ಕುಯ್ಲಿನ ಕೂಲಿ ಬಹುತೇಕ ಕೆಜಿ ಲೆಕ್ಕ. ಅರ್ಧ ಗಂಟೆ ಮಾತಾಡಿಸಿದರೆ ಅವರ ಚೀಲ ಅಷ್ಟು ಹಗುರ. ಕೆಲಸ ಮಾಡಿಸುವ ಮೇಸ್ತ್ರಿ ಪಕ್ಕದಲ್ಲಿದ್ದರಂತೂ ‘ಎಲ್ಲ ಚೆನ್ನಾಗಿದೆ ಸಾರ್’ ಬಿಟ್ಟು ಬೇರೇನೂ ಬರುವುದಿಲ್ಲ. ಸಂಜೆ ತೂಕ ಮುಗಿದ ಮೇಲೆ ಅವರಿರುವ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲುಮನೆ) ಹೋಗಿ. ಅಸ್ಸಾಂ ಕಡೆಯಿಂದ ಬಂದವರಿದ್ದರೆ ಭಾಷೆಗೆ ಬೇರೆಯವರನ್ನು ಕರೆದೊಯ್ಯಿರಿ, ಮೇಸ್ತ್ರಿಯನ್ನಲ್ಲ.

‘ಜೀವನ ಹೇಗೆ ಬದಲಾಯ್ತು?’ ಎಂದರೆ ಸಿಗುವುದು ನಿಟ್ಟುಸಿರು. ಮಗಳ ಮದುವೆ, ಮನೆಗೆ ಕರೆಂಟ್ ಬಂದ ವರ್ಷ, ಹೀಗೆ ಒಂದು ಗುರುತು ಹಿಡಿದು ಕೇಳಿ: ಆಗ ದಿನಗೂಲಿ ಎಷ್ಟು, ಅದಕ್ಕೆ ಎಷ್ಟು ಅಕ್ಕಿ ಬರುತ್ತಿತ್ತು, ಈಗ ಎಷ್ಟು? ವರ್ಷ ಮರೆತಿರುತ್ತಾರೆ, ಅಕ್ಕಿ ಮರೆತಿರುವುದಿಲ್ಲ. ಹಳೆಯ ಕೂಲಿ ಚೀಟಿ, ಪಿಎಫ್ ಪಾಸ್‌ಬುಕ್ ಇದ್ದರೆ ತಾಳೆ ನೋಡಿ.

ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ವ್ಯವಸ್ಥೆ 90ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಹಾಗಂತ ಎಲ್ಲವನ್ನೂ ಅದರ ತಲೆಗೆ ಕಟ್ಟಬೇಡಿ; ಕಾಫಿ ಬೆಲೆ ಏರಿದ ವರ್ಷ ಕೂಲಿಯೂ ಏರಿತೇ ಎಂದು ಬೇರೆಯಾಗಿಯೇ ಕೇಳಬೇಕು.

ಮಾತಾಡಿದವರ ಗುರುತು ಮುಚ್ಚಿಡಲು ಹೆಸರು ಬದಲಿಸಿದರೆ ಸಾಲದು. ‘ಇಂಥ ತೋಟದ ರೈಟರ್ (ಲೆಕ್ಕ ಬರೆಯುವವರು) ಹೆಂಡತಿ’ ಎಂದು ಬರೆದರೆ ಹೋಬಳಿಗೆಲ್ಲ ಗೊತ್ತಾಗುತ್ತದೆ.